ಗೊತ್ತಿಲ್ಲದ ಮೂಲೆ

ಗಂಟೆ ಹೊಡೆಯಿತು. ತರಗತಿಯಲ್ಲಿ ಕಂಪ್ಯೂಟರ್ ಪರದೆಯ ಮೂಲೆಯಲ್ಲಿದ್ದ ಮಕ್ಕಳು ಗುಂಪಿನ ಮೂಲೆಗೆ, ಗುಂಪಿನವರು ಕನಕಾಂಬ ಟೀಚರ್ ಮೂಲೆಗೆ, ಅಲ್ಲಿದ್ದವರು ಪರದೆಯ ಮುಂದಕ್ಕೆ ಚಾಪೆ ಎಳೆದುಕೊಂಡು ಹೋದರು.

ಪರದೆಗೆ ಪಾಠವೂ ಗೊತ್ತು, ಊರಿನ ಸುದ್ದಿಯೂ ಗೊತ್ತು. ಕೇಳಿದ್ದಕ್ಕೆಲ್ಲ ನಿಜ ಹೇಳಿಬಿಡುತ್ತದೆ. ಹಾಗಾಗಿ ಶಿಕ್ಷಣ ಇಲಾಖೆ ಟೀಚರಿಗೆ ಉಳಿಸಿದ್ದು ಒಂದೇ ಕೆಲಸ: ಮಕ್ಕಳು ಏನು ಕೇಳಿದರೂ "ನನಗೆ ಗೊತ್ತಿಲ್ಲ, ನೀವೇ ಯೋಚನೆ ಮಾಡಿ" ಎನ್ನುವುದು. ಹೋದ ತಿಂಗಳು ಬಾಯಿತಪ್ಪಿ ಏಳೆಂಟ್ಲ ಐವತ್ತಾರು ಎಂದದ್ದಕ್ಕೆ ಕನಕಾಂಬ ಅವರಿಗೆ ನೋಟಿಸ್ ಬಂದಿತ್ತು.

ಚಾಪೆ ಹಾಸಿ ಕೂತವರಲ್ಲಿ ಮೊದಲು ಕೈಯೆತ್ತಿದವಳು ತನುಜಾ.

"ಮಿಸ್, ನಮ್ಮಪ್ಪ ಆಸ್ಪತ್ರೆಯಿಂದ ಮನೆಗೆ ಬರ್ತಾರಾ?"

ಡಾಕ್ಟರು ಕೈಚೆಲ್ಲಿದ ಸಂಗತಿಯನ್ನು ಅವಳ ಅಜ್ಜಿ ಬೆಳಿಗ್ಗೆಯಷ್ಟೇ ಗೇಟಿನ ಹತ್ತಿರ, ಬಾಯಿಗೆ ಸೆರಗು ಒತ್ತಿಕೊಂಡು ಹೇಳಿಹೋಗಿದ್ದರು. ಕನಕಾಂಬ ಕನ್ನಡಕ ತೆಗೆದು ಒರೆಸಿದರು.

"ನನಗೆ ಗೊತ್ತಿಲ್ಲ ಪುಟ್ಟಿ."

"ನೀವೇ ಯೋಚನೆ ಮಾಡಿ" ಎನ್ನುವುದನ್ನು ಅವರು ಬಿಟ್ಟರು. ತನುಜಾ ಸಮಾಧಾನದಿಂದ ತಲೆಯಾಡಿಸಿದಳು.

ಮತ್ತೆ ಗಂಟೆ ಹೊಡೆಯಿತು. ಉಳಿದವರು ಪರದೆಯ ಕಡೆ ಹೊರಟರು. ತನುಜಾ ಏಳಲಿಲ್ಲ.

"ನಾನು ಇಲ್ಲೇ ಕೂತಿರ್ತೀನಿ ಮಿಸ್," ಎಂದಳು. "ಆ ಪರದೆಗೆ ಗೊತ್ತಿರುತ್ತೆ."