ಒಂದು ಸಲಕ್ಕೆ ಎಂಟು

ಅಮ್ಮನ ದನಿ ಉಳಿದಿದ್ದ ಆ ಒಂದೇ ಒಂದು ಹಳೇ ಡಿಸ್ಕ್ ಮತ್ತೆ ಕಟಕಟ ಎಂದು ನಿಂತುಬಿಟ್ಟಿತು.

“ಮುದಿ ಯಂತ್ರ ಕಣೇ, ಆಸೆ ಬಿಡು,” ಎಂದ ಅಣ್ಣ.

“ತಪ್ಪು ನನ್ನದೇ ಅಣ್ಣ. ಡಿಸ್ಕ್ ಓದಿಸೋ ಡ್ರೈವರ್ ಪ್ರೋಗ್ರಾಮ್‌ನಲ್ಲಿ ಹೊಸ ಡಿಸ್ಕಿನ ಮಿತಿಯನ್ನೇ ಇಟ್ಟುಬಿಟ್ಟಿದ್ದೆ. ಇದು ಒಂದು ಸಲಕ್ಕೆ ಹೆಚ್ಚೆಂದರೆ ಅರವತ್ತನಾಲ್ಕು ತುಣುಕು ತಡೆದೀತು; ಅಷ್ಟೊಂದು ಕೇಳಿದರೆ ಪಾಪ, ಎಲ್ಲಿಂದ ಕೊಡುತ್ತೆ?” ತಂಗಿ ಸಾವಿರದ ಇಪ್ಪತ್ತನಾಲ್ಕನ್ನು ಅಳಿಸಿ, ಭಯಕ್ಕೆ ಬರೀ ಎಂಟು ಎಂದು ಬರೆದಳು. ಡಿಸ್ಕ್ ಮೆಲ್ಲಗೆ ತಿರುಗಿತು. ಒಂದೊಂದು ಮಾತಿಗೂ ನಿಂತು ನಿಂತು ಅಮ್ಮ ಕೇಳಿದಳು: “ಬಾಗಿಲು... ಹಾಕ್ಕೊಂಡ್ಯಾ... ಪುಟ್ಟೀ?”

ಅಣ್ಣ ಕಣ್ಣೊರೆಸಿಕೊಂಡ. “ಅರವತ್ತನಾಲ್ಕರವರೆಗೂ ತಡೆಯುತ್ತೆ ಅಂದಿದ್ದೆಯಲ್ಲ, ಅಷ್ಟು ಮಾಡು. ಅಮ್ಮ ಸರಾಗವಾಗಿ ಮಾತಾಡ್ತಾಳೆ. ಎರಡೇ ನಿಮಿಷ, ಪೂರ್ತಿ ಕೇಳಿಬಿಡಬಹುದು.”

ತಂಗಿ ಕೀಲಿಮಣೆಯಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು.

“ಬೇಡ ಅಣ್ಣ. ಎರಡೇ ನಿಮಿಷಕ್ಕೆ ಮುಗಿದುಹೋಗುತ್ತಲ್ಲ.”