ಕರೆಂಟೇ ಸಾಕ್ಷಿ

ದಿನಾ ಮುಕ್ಕಾಲು ಗಂಟೆ ಟ್ರೆಡ್‌ಮಿಲ್ ಮೇಲೆ ನಡೆಯಲೇಬೇಕು ಅಂದಿದ್ದರು ಡಾಕ್ಟರು. ನಮ್ಮ ಯಜಮಾನರು ಕಾಲು ಕೀಳುವುದು ಊಟಕ್ಕೆ ಕರೆದಾಗ ಮಾತ್ರ. ನಾನು ಡ್ಯೂಟಿಗೆ ಹೋದರೆ ಮನೆಯಲ್ಲಿ ಉಳಿಯುವುದು ಇವರು, ನಾಯಿ, ಟೀವಿ. ಕಾವಲಿಗೊಂದು ಸ್ಮಾರ್ಟ್ ಪ್ಲಗ್ ತರಲು ಅಂಗಡಿಗೆ ಹೋದೆ.

“ಟ್ರೆಡ್‌ಮಿಲ್ಲಿಗಾ? ಸಣ್ಣದು ಬೇಡ ಮೇಡಂ, ಬಿಸಿಯಾಗಿ ಕರಗಿಹೋಗುತ್ತೆ. ಹದಿನಾರು ಆಂಪಿಯರಿಂದು ತಗೊಳ್ಳಿ,” ಅಂದ ಅಂಗಡಿಯವನು.

“ಖಾಲಿ ಓಡಿಸಿ ಸೋಫಾದಲ್ಲಿ ಕೂತರೆ?”

“ಸಿಕ್ಕಿಬೀಳ್ತಾರೆ. ಮೇಲೆ ಭಾರ ಇದ್ದರೆ ಕರೆಂಟ್ ಜಾಸ್ತಿ ಎಳೆಯುತ್ತೆ. ನಿಮ್ಮ ಫೋನಲ್ಲೇ ಕಾಣುತ್ತೆ.”

ಮೂರು ತಿಂಗಳು ಕಂಡಿತು. ಒಂದು ದಿನವೂ ತಪ್ಪದೆ ಮುಕ್ಕಾಲು ಗಂಟೆ, ಭಾರದ ಸಮೇತ. ಖುಷಿಗೆ ಎರಡು ಸಲ ಹೋಳಿಗೆ ಮಾಡಿ ಬಡಿಸಿದೆ.

ಮೊನ್ನೆ ಡಾಕ್ಟರು ತೂಕ ನೋಡಿ, “ನಾಲ್ಕು ಕೆಜಿ ಜಾಸ್ತಿ ಆಗಿದೀರಲ್ರೀ!” ಅಂದರು.

“ಸಾಧ್ಯವೇ ಇಲ್ಲ,” ಅಂತ ಫೋನು ಮುಂದೆ ಹಿಡಿದೆ. “ಕರೆಂಟೇ ಸಾಕ್ಷಿ ಹೇಳ್ತಿದೆ, ನೋಡಿ!”

ಇವರು ಗೋಡೆಯ ಮೇಲಿದ್ದ ಕಿಡ್ನಿ ಚಿತ್ರವನ್ನು ಭಾರೀ ಶ್ರದ್ಧೆಯಿಂದ ನೋಡುತ್ತಿದ್ದರು.

ಮನೆಗೆ ಬಂದವಳೇ ಫೋನಿನಿಂದ ಪ್ಲಗ್ ಆನ್ ಮಾಡಿದೆ. ಟ್ರೆಡ್‌ಮಿಲ್ ಕುಂಯ್ ಅಂದಿದ್ದೇ ತಡ, ನಮ್ಮ ನಾಯಿ ಗುಂಡ ಅಡುಗೆಮನೆಯಿಂದ ಓಡಿಬಂದು, ಅದರ ಮೇಲೆ ಹತ್ತಿ ನಿಂತು, ಇವರತ್ತ ತಿರುಗಿ ಬಿಸ್ಕೆಟಿಗೆ ಬಾಯಿ ತೆರೆದ.