ತಳ ಕಾಣುವ ತನಕ

ಮೋರಿ ಬಿಡಿಸುವಾಗ ಕೊಳೆತ ಬೇವಿನೆಲೆಯ ವಾಸನೆ ಬಂದರೆ ಈಗಲೂ ನನಗೆ ಹೈದರಾಬಾದ್ ಸಂಸ್ಥಾನದ ಮೇಲೆ ಪೊಲೀಸ್ ಆ್ಯಕ್ಷನ್ ಆದ ವರ್ಷದ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಬೇಗಂ ಸಾಹೇಬರು ಗಾಜಿಪುರದ ಹವೇಲಿ ಬಿಟ್ಟು ಹೈದರಾಬಾದಿಗೆ ಹೊರಟಿದ್ದರು. ಹೋಗುವ ಮೊದಲು ಅಂಗಳದ ಈಜುಕೊಳ ಬರಿದಾಗಬೇಕು ಎಂದಿದ್ದರು, ಆದರೆ ಅದರ ತೂಬು ಕಟ್ಟಿಕೊಂಡಿತ್ತು. ಕಮಲಾಪುರದಿಂದ ನನ್ನನ್ನೂ ಕರೆದುಕೊಂಡು ಕೂಲಿಗೆ ಬಂದ ಅಪ್ಪ ಬೆಳಗಿನಿಂದ ಮುಳುಗಿ ಮುಳುಗಿ ಎದ್ದು, ತೂಬಿನೊಳಗಿನ ಲೋಳೆ ಬೇವಿನೆಲೆಗಳನ್ನು ಎಳೆದು ಹಾಕುತ್ತಿದ್ದ.

"ರೈಲು ತಪ್ಪತದರೀ ಬೇಗಂಸಾಬ್. ಬಿಟ್ಟು ಹೋಗೂ ಮನಿಗೆ ಯಾಕ್ ಈ ಉಸಾಬರಿ?" ಎಂದು ಟಾಂಗಾದವನು ಗೊಣಗಿದ.

"ಬಿಟ್ಟು ಹೋಗಾಕತ್ತೀನಿ ಅಂತನೇ ಭಾಯಿ. ಗಲ್ಲಿ ಮಕ್ಕಳು ಆಡಾಕ ಬರ್ತಾವ. ಬಿದ್ರ ಯಾರು ನೋಡ್ತಾರ?" ಎಂದರು ಅವರು.

ಕೊನೆಗೆ ನೀರು ಗುಳುಗುಳು ಎನ್ನುತ್ತ ಇಳಿಯಿತು. ತಳದ ಕಲ್ಲು ಕಂಡ ಮೇಲೆಯೇ ಅವರು ಟಾಂಗಾ ಹತ್ತಿದರು.

ಅಪ್ಪನಿಗೆ ಮೇಲೆ ಬರಲು ಶಕ್ತಿ ಉಳಿದಿರಲಿಲ್ಲ. ಹಸಿ ಕಲ್ಲಿನ ಮೇಲೆಯೇ ಕುಳಿತು, ದಂಡೆಯ ಮೇಲೆ ನಿಂತಿದ್ದ ನನ್ನನ್ನು ಕರೆದ.

"ಇಳಿದು ಬಾರೋ. ಈಗೇನ್ ಅಂಜಿಕಿಲ್ಲ."